ಸಾಲಿನ ಕೊನೆಯ ಗಿಣಿ

ಸೀಮೆಎಣ್ಣೆಯ ವಾಸನೆ ಬಂದರೆ ಎಲ್ಲರಿಗೂ ಲಾಟೀನು ನೆನಪಾಗುತ್ತದಂತೆ. ನನಗೆ ನೆನಪಾಗುವುದು ಗಿಣಿ.

ಹೋದ ವಾರ ಒಬ್ಬರು ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದರು. “ಮೇಲ್ಗಡೆ ಆ ಹಳೇ ಗಿಣಿ ಸಾಲು ಹಾಕ್ಕೊಡಿ. ನಮ್ಮನೇಲಿ ಎಲ್ಲರ ಮದುವೇಗೂ ಅದೇ ಇದ್ದದ್ದು” ಅಂದರು. ನಾನು ಮೂಲೆಯ ಖಾನೆ ಎಳೆದು, ಹಳೆಯ ಮಸಿ ಗಟ್ಟಿಯಾಗಿ ಕೂತಿದ್ದ ಸೀಸದ ಗಿಣಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸಾಲಾಗಿ ಕೂರಿಸಿ ಒಂದು ಕರಡು ತೆಗೆದುಕೊಟ್ಟೆ. ಅವರು ಕನ್ನಡಕ ಮೇಲೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಸಾಲಿನ ಕೊನೆಯ ಗಿಣಿಯ ಮೇಲೆ ಬೆರಳಿಟ್ಟರು.

“ಇದೊಂದ್ಯಾಕ್ರೀ ಹಿಂದೆ ಬಿದ್ದಿದೆ? ರೆಕ್ಕೆ ಬೇರೆ ಮುಕ್ಕಾಗಿದೆ. ತೆಗೆದ್ಬಿಡಿ ಇದನ್ನ.”

ಹೀಗೆ ಹೇಳಿದವರು ನಮ್ಮೂರಿನ ಕಂಬಳಿ ಸಾಹುಕಾರರ ಮಗ. ಅವರಪ್ಪನಿಗೂ ಆ ಗಿಣಿಗೂ ಏನು ಸಂಬಂಧವೆಂಬುದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ. ಮೈಯೆಲ್ಲ ಉರಿದುಹೋಯಿತು.

ಸಿಟ್ಟು ನನ್ನ ಜಾಯಮಾನವಲ್ಲ. ಚಿಂತೆ ನನ್ನ ಕಸುಬು, ಅಚ್ಚಿನ ಕೆಲಸ ಉಪಕಸುಬು. ಮಳೆ ಬಂದರೆ ಕಾಗದ ತೇವವಾದೀತೆಂದು ಚಿಂತೆ, ಬರದಿದ್ದರೆ ಬಾವಿಯ ಚಿಂತೆ. ಮನೆಯಾಕೆ ಸಮಾಧಾನವಾಗಿದ್ದರೆ ಏಕೆ ಹಾಗಿದ್ದಾಳೆಂದು ಇನ್ನೊಂದು ಚಿಂತೆ. ಇಂಥವನಿಗೆ ಸಿಟ್ಟಿಗೆ ಪುರುಸೊತ್ತೆಲ್ಲಿ? ಆದರೆ ಆ ಗಿಣಿಯ ವಿಷಯಕ್ಕೆ ಮಾತ್ರ, ಇಷ್ಟು ವರ್ಷವಾದರೂ, ಒಲೆಯೊಳಗಿನ ಕೆಂಡದ ಹಾಗೆ ಒಂದಿಷ್ಟು ಉಳಿದುಬಿಟ್ಟಿದೆ.

ಆ ಗಿಣಿ ನಮ್ಮ ಟೀಚರಮ್ಮನವರದ್ದು.

ಯುದ್ಧದ ಕಾಲದಲ್ಲಿ ಅವರು ದೊಡ್ಡಬಳ್ಳಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ನಮ್ಮ ಪ್ರೆಸ್ಸಿನ ಹಿಂದಿನ ಬೀದಿಯಲ್ಲೇ ಮನೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಹಟ ಮಾಡಿ ಓದಿ ಕೆಲಸಕ್ಕೆ ಸೇರಿದವರು. ಅಪ್ಪ ಅಮ್ಮ ಹೋದ ಮೇಲೆ ಉಳಿದದ್ದು ಒಬ್ಬನೇ ತಮ್ಮ. ಸಂಜೆ ಶಾಲೆ ಬಿಟ್ಟ ಮೇಲೆ ನಮ್ಮ ಪ್ರೆಸ್ಸಿಗೆ ಬಂದು ಕರಡು ತಿದ್ದಿಕೊಡುತ್ತಿದ್ದರು. ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದರೆ ನನ್ನ ಬೆನ್ನ ಹಿಂದೆ ನಿಂತು, ಹೆಗಲ ಮೇಲಿನಿಂದ ನೋಡುತ್ತಿದ್ದರು. ತಪ್ಪು ಕಂಡ ಕೂಡಲೇ ಮಗ್ಗದ ಸದ್ದನ್ನೂ ಮೀರಿಸುವ ದನಿ.

“ಪ್ರೆಸ್ಸಿನವ್ರೇ, ವರನ ಜಾಗದಲ್ಲಿ ವರನ ಅಪ್ಪನ ಹೆಸರು ಕೂರ್ಸಿದ್ದೀರಿ. ಇದು ಹೀಗೇ ಹೋದ್ರೆ ಹಸೆಮಣೆ ಮೇಲೆ ಕೂರೋದು ಯಾರು?”

ನನಗೆ ಎದೆ ಝಲ್ಲೆನ್ನುತ್ತಿತ್ತು. ಆದರೆ ಅವರು ಹಿಂದೆ ನಿಂತಿದ್ದಾರೆ ಅನ್ನುವುದೇ ಒಂದು ನೆಮ್ಮದಿ. ಆ ವರ್ಷಗಳಲ್ಲಿ ನಮ್ಮ ಪ್ರೆಸ್ಸಿನಿಂದ ಹೊರಗೆ ಹೋದ ಯಾವ ಪತ್ರಿಕೆಯಲ್ಲೂ ಮದುವೆ ಅದಲುಬದಲಾಗಲಿಲ್ಲ.

ತಮ್ಮ ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದವನು, ಯುದ್ಧ ಕಾವೇರಿದಾಗ ವಾಯುಪಡೆಗೆ ಸೇರಿ ಪೈಲಟ್ ಆಗಿಬಿಟ್ಟ. ಊರಿಗೆ ಊರೇ ಬೆರಗಾಯಿತು. ರಜೆಗೆ ಬಂದಾಗ ನಮ್ಮ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಾ, ಎರಡು ಅಂಗೈಗಳನ್ನೇ ವಿಮಾನ ಮಾಡಿ ನೇಕಾರರಿಗೆಲ್ಲ ಕಥೆ ಹೇಳುತ್ತಿದ್ದ. ಮಾತಿನ ನಡುನಡುವೆ ಕತ್ತು ತಿರುಗಿಸಿ ಹಿಂದೆ ನೋಡುವುದೊಂದು ಅಭ್ಯಾಸ. ಬೀದಿಯಲ್ಲಿ ನಡೆಯುವಾಗಲೂ ಹಾಗೆಯೇ. ಯಾರೋ ಸಾಲಗಾರರು ಬೆನ್ನಟ್ಟಿದ್ದಾರೇನೋ ಅನ್ನಬೇಕು.

“ಕಾಲರ್ ಉಜ್ಜಿ ಉಜ್ಜಿ ಕತ್ತು ಹುಣ್ಣಾಗುತ್ತೆ ಅಕ್ಕ. ಒಂದು ರೇಷ್ಮೆ ತುಂಡು ಇದ್ರೆ ಕೊಡೆ” ಎಂದು ಅಕ್ಕನನ್ನು ಕೇಳಿದನಂತೆ. ಟೀಚರಮ್ಮ ದೇವನಹಳ್ಳಿ ಪಕ್ಕದ ವಿಜಯಪುರದಿಂದ ರೇಷ್ಮೆ ನೂಲು ತರಿಸಿ, ನಮ್ಮೂರ ಮಗ್ಗದಲ್ಲೇ ಒಂದು ಬಿಳಿಯ ವಸ್ತ್ರ ನೇಯಿಸಿಕೊಟ್ಟರು. ಅದನ್ನು ಕತ್ತಿಗೆ ಸುತ್ತಿಕೊಂಡು ಅವನು ಬಸ್ಸು ಹತ್ತಿದಾಗ ನಮ್ಮ ಜನ ಬಿಟ್ಟಾರೆಯೇ? “ನೋಡ್ರಲೇ, ಯುದ್ಧಕ್ಕೆ ಸೆರಗು ಹೊದ್ದುಕೊಂಡು ಹೊರಟ” ಎಂದರು. ಅವನೂ ನಕ್ಕ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕತ್ತು ತಿರುಗಿಸಿ ಹಿಂದೆ ನೋಡುತ್ತಲೇ ಇದ್ದ...

ಬರ್ಮಾದ ಕಡೆ ಕಾಣೆಯಾಗಿದ್ದಾನೆಂದು ತಂತಿ ಬಂತು. ಅಷ್ಟೇ. ದೇಹವಿಲ್ಲ, ಸಾಮಾನಿಲ್ಲ, ಕರ್ಮ ಮಾಡಿಸಲು ಒಂದು ತಿಥಿಯೂ ಇಲ್ಲ.

ಕೆಲವು ತಿಂಗಳಾದ ಮೇಲೆ ಅದೇ ದಳದಲ್ಲಿ ಮೆಕ್ಯಾನಿಕ್ ಆಗಿದ್ದ, ನೆಲಮಂಗಲದ ಕಡೆಯ ಒಬ್ಬ ಹುಡುಗ ರಜೆಗೆ ಬಂದವನು ಟೀಚರಮ್ಮನವರನ್ನು ಹುಡುಕಿಕೊಂಡು ಬಂದ. ತಾನು ಕಂಡದ್ದನ್ನು, ವಾಪಸು ಬಂದ ಪೈಲಟುಗಳಿಂದ ಕೇಳಿದ್ದನ್ನು ಇದ್ದ ಹಾಗೆ ಹೇಳಿದ. ಶತ್ರುಗಳ ನೆಲವನ್ನು ನೋಡಿಕೊಂಡು, ಫೋಟೋ ತೆಗೆದುಕೊಂಡು ಬರಲು ನಾಲ್ಕು ವಿಮಾನ ಹೋದವು. ಮೂರು ಮುಂದೆ, ಇವನದು ಹಿಂದೆ. ಮುಂದಿನವು ನೆಟ್ಟಗೆ ಹೋಗುತ್ತಿದ್ದವು, ಇವನು ಎಡಕ್ಕೂ ಬಲಕ್ಕೂ ಅಡ್ಡಾಡುತ್ತಾ ಹಿಂದೆ ಹಿಂದೆ ಹೋಗುತ್ತಿದ್ದ. ವಾಪಸು ಬಂದದ್ದು ಮುಂದಿನ ಮೂರೇ. ಬಸ್ಸಿಗೆ ಕಾಯುತ್ತಾ ಆ ಹುಡುಗ ಹೋಟೆಲಿನಲ್ಲಿ ಇನ್ನೊಂದು ಸಲ ಇದನ್ನೇ ಹೇಳಿದ. ಬಸ್ಸು ಬಂತು, ಹೋದ. ಕಥೆ ಹೋಟೆಲಿನಲ್ಲೇ ಉಳಿಯಿತು.

ಹೋಟೆಲಿನ ಬೆಂಚಿನ ಮೇಲೆ ಕೂತ ಕಥೆ ಎಂದಾದರೂ ನೆಟ್ಟಗೆ ಎದ್ದದ್ದುಂಟೇ? ಒಂದು ವಾರದಲ್ಲಿ, “ಜೊತೆಯವ್ರೆಲ್ಲ ನೆಟ್ಟಗೆ ಹೋದ್ರಂತೆ, ಇವ್ನು ಪುಕ್ಕಲ, ಹಿಂದೆ ಹಿಂದೆ ಸರಿದನಂತೆ” ಎಂದಾಯಿತು. ಇನ್ನೊಂದು ವಾರಕ್ಕೆ, ತಪ್ಪಿಸಿಕೊಂಡು ಓಡಿಹೋಗಲು ನೋಡಿದ ಎಂದಾಯಿತು. ಅಂಗೈ ವಿಮಾನ ನೋಡಿ ಬಾಯಿ ತೆರೆದಿದ್ದ ಜನವೇ ಇದನ್ನು ಆಡಿದ್ದು. ಅವನು ಕೊಟ್ಟ ಕಡಲೆಕಾಯಿ ತಿಂದ ಬಾಯಿಗಳೇ! ನೀರಿನ ಕೊಳಾಯಿಯ ಹತ್ತಿರ ಹೆಂಗಸರು ಟೀಚರಮ್ಮನವರಿಗೆ ದಾರಿ ಬಿಟ್ಟು ಸರಿಯತೊಡಗಿದರು. ಆ ಗೌರವ ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು.

ಯುದ್ಧ ಮುಗಿಯಿತು. ಯಲಹಂಕದ ಕಡೆಯ ವಿಮಾನ ಮೈದಾನದ ಸುತ್ತ ಇದ್ದ ಸೋಲ್ಜರುಗಳ ಬಿಡಾರಗಳು ಖಾಲಿಯಾದವು. ಮಂಚ, ಡೇರೆ, ಬೋಗುಣಿ ಎಲ್ಲವೂ ಗುಜರಿಗೆ ಬಂದವು. ಕಾಗದಕ್ಕೆ ಬರ ಬಂದಿದ್ದ ಕಾಲ, ಒಂದು ಕಡೆ ಅಚ್ಚಾದ ಹಾಳೆಯ ಹಿಂಬದಿಯೂ ನಮಗೆ ಚಿನ್ನ. ಗುಜರಿಯವನು ಒಂದು ಗಾಡಿ ಹಳೆಯ ಕಾಗದ ತಂದು ಪ್ರೆಸ್ಸಿನ ಮುಂದೆ ಸುರಿದ. ಆ ರಾಶಿಯಲ್ಲಿ, ಅಧಿಕಾರಿಗಳ ಊಟದ ಮನೆಯ ಕಪಾಟಿನಲ್ಲಿದ್ದಿರಬಹುದಾದ ಒಂದಷ್ಟು ಇಂಗ್ಲಿಷ್ ಪುಸ್ತಕಗಳಿದ್ದವು. ಹೋದ ಮಹಾಯುದ್ಧದಿಂದ ಈ ಯುದ್ಧದವರೆಗೆ ಆಕಾಶದಲ್ಲಿ ಕಾದಾಡುವ ಬಗೆ ಹೇಗೆ ಹೇಗೆ ಬದಲಾಯಿತು ಎಂಬ ಚರಿತ್ರೆ. ಕೆಲವಕ್ಕೆ ರಟ್ಟಿರಲಿಲ್ಲ, ಒಂದರ ಮೇಲೆ ಯಾರೋ ಚಹಾ ಲೋಟ ಇಟ್ಟ ಗುರುತು. ಮಿಲಿಟರಿ ಸ್ವತ್ತೆಂದು ಪೊಲೀಸರು ಬಂದಾರೆಂಬ ಚಿಂತೆಯಲ್ಲಿ ನಾನು ಬಾಗಿಲು ಹಾಕಿದೆ. ಟೀಚರಮ್ಮ ಬಾಗಿಲು ತೆರೆಸಿ, ಆ ಪುಸ್ತಕಗಳಷ್ಟನ್ನೂ ಸೆರಗಿನಲ್ಲಿ ತುಂಬಿಕೊಂಡು ಮನೆಗೆ ಹೋದರು.

ಆಮೇಲೆ ಎಷ್ಟೋ ದಿನ ಅವರು ಬೇರೆ ಮಾತೇ ಆಡಲಿಲ್ಲ. ನನ್ನ ಬೆನ್ನ ಹಿಂದೆ ನಿಂತು ಲಗ್ನಪತ್ರಿಕೆಯ ಕರಡು ತಿದ್ದುತ್ತಲೇ ವಿಮಾನಗಳ ಪಾಠ. ಮೊದಲ ಯುದ್ಧದಲ್ಲಿ ಬಟ್ಟೆ ಹೊದಿಸಿದ ಮರದ ವಿಮಾನಗಳಂತೆ. ಆಗಲೇ ಬುದ್ಧಿವಂತರು ಕಂಡುಕೊಂಡಿದ್ದರಂತೆ: ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಎರಗಬೇಕು, ಬಿಸಿಲಿಗೆ ಎದುರಾಳಿಯ ಕಣ್ಣು ಕುಕ್ಕುತ್ತದೆ, ನೆಟ್ಟಗೆ ಬಹಳ ಹೊತ್ತು ಹಾರಬಾರದು, ಹಿಂದೆ ನೋಡದವನು ಮನೆಗೆ ಬರುವುದಿಲ್ಲ. ಈ ಯುದ್ಧದ ಮೊದಲಲ್ಲಿ ಇಂಗ್ಲಿಷರು ಇದನ್ನೆಲ್ಲ ಮರೆತು, ಕವಾಯತಿನವರ ಹಾಗೆ ಮೂರು ಮೂರು ವಿಮಾನಗಳನ್ನು ಒತ್ತೊತ್ತಾಗಿ ಹಾರಿಸಿದರಂತೆ. ನಡುವಿನವನು ದಾರಿ ನೋಡುವುದು, ಅಕ್ಕಪಕ್ಕದವರು ನಡುವಿನವನಿಗೆ ಡಿಕ್ಕಿ ಹೊಡೆಯದಂತೆ ಅವನನ್ನೇ ನೋಡುವುದು. ಹಿಂದಿನಿಂದ ಶತ್ರು ಬಂದರೆ ನೋಡುವವರೇ ಇಲ್ಲ! ಹೀಗೆ ಬಹಳ ಜನ ಸತ್ತ ಮೇಲೆ ಬುದ್ಧಿ ಬಂದು, ಒಬ್ಬನನ್ನು ಎಲ್ಲರ ಹಿಂದೆ ಬಿಟ್ಟರು. ಅವನ ಕೆಲಸ ಎಡಕ್ಕೂ ಬಲಕ್ಕೂ ತೂಗಾಡುತ್ತಾ ಎಲ್ಲರ ಬೆನ್ನು ಕಾಯುವುದು.

“ಲಾಳಿ ಥರ, ಪ್ರೆಸ್ಸಿನವ್ರೇ” ಅಂದರು. ನೇಕಾರರ ಊರಿನಲ್ಲಿ ಲಾಳಿಯೆಂದರೆ ಬಿಡಿಸಿ ಹೇಳಬೇಕೇ? ಮಗ್ಗದಲ್ಲಿ ಎಡಕ್ಕೂ ಬಲಕ್ಕೂ ಓಡುವುದು ಅದೊಂದೇ, ಉಳಿದ ದಾರವೆಲ್ಲ ನೆಟ್ಟಗೆ. “ಲಾಳಿ ಪುಕ್ಕಲು ಅಂತ ಈ ಊರಲ್ಲಿ ಯಾರಾದ್ರೂ ಹೇಳ್ತಾರಾ?”

ಇನ್ನೊಂದು ದಿನ ಒಂದು ಪುಟ ತೆಗೆದು ನನ್ನ ಮುಂದಿಟ್ಟರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರೇ ಹೇಳಿದರು. ಹಿಂದೆ ಬಿಟ್ಟ ಆ ಕಾವಲಿನವನೇ ಎಷ್ಟೋ ಸಲ ಎಲ್ಲರಿಗಿಂತ ಮೊದಲು ಸಾಯುತ್ತಿದ್ದನಂತೆ. ಎಲ್ಲರ ಬೆನ್ನನ್ನು ಅವನು ನೋಡುತ್ತಿದ್ದ, ಅವನ ಬೆನ್ನನ್ನು ನೋಡಲು ಯಾರೂ ಇರುತ್ತಿರಲಿಲ್ಲ... ಹೇಳಿ ಮುಗಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಅವತ್ತು ನನ್ನ ಕರಡಿನಲ್ಲಿ ಒಂದೂ ತಪ್ಪು ಹಿಡಿಯಲಿಲ್ಲ.

ಇದೇ ಹೊತ್ತಿಗೆ ಊರಲ್ಲಿ, ಯುದ್ಧದಲ್ಲಿ ಸತ್ತ ನಮ್ಮ ಕಡೆಯ ಹುಡುಗರ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸಬೇಕೆಂದು ಸಮಿತಿಯಾಯಿತು. ಅಧ್ಯಕ್ಷರು ಕಂಬಳಿ ಸಾಹುಕಾರರು. ಯುದ್ಧಕ್ಕೆ ಅವರು ಕೊಟ್ಟದ್ದು ಕಂಬಳಿ, ಅದೂ ಕಂಟ್ರಾಕ್ಟಿನ ಮೇಲೆ. ಆ ಕಂಬಳಿಯೊಳಗಿಂದ ಬೆಳಕು ಕಾಣುತ್ತಿತ್ತೆಂದು ನೇಯ್ದವರೇ ಹೇಳುತ್ತಿದ್ದರು. ಟೀಚರಮ್ಮ ಹೋಗಿ ಕೇಳಿದರೆ ಸಾಹುಕಾರರು, “ನೋಡಮ್ಮ, ಸತ್ತವ್ರಿಗೆ ಕಲ್ಲು. ನಿನ್ನ ತಮ್ಮ ಹಿಂದೆ ಉಳಿದವ್ನು, ಆಮೇಲೆ ಎಲ್ಲಿಗೆ ಹೋದ್ನೋ ಯಾರು ಕಂಡ್ರು?” ಎಂದರಂತೆ.

ಟೀಚರಮ್ಮ ಮನೆಗೆ ಬಂದು ಪುಸ್ತಕ ಬರೆಯಲು ಕೂತರು. ವಿಮಾನ ಕಾಳಗದ ಪಟ್ಟುಗಳ ಚರಿತ್ರೆ, ಕನ್ನಡದಲ್ಲಿ. ಗರಡಿಮನೆಯ ಮಾತುಗಳನ್ನೆಲ್ಲ ಆಕಾಶಕ್ಕೆ ಏರಿಸಿದರು. ಪಟ್ಟು, ವರಸೆ, ಮಗ್ಗುಲು ಕೊಡುವುದು... ಓದಿದರೆ ಕುಸ್ತಿಯ ಪೈಲ್ವಾನನಿಗೂ ಅರ್ಥವಾಗಬೇಕು. ತಮ್ಮನ ಹೆಸರನ್ನು ಎಲ್ಲೂ ಬರೆಯಲಿಲ್ಲ. “ಅಳು ಹಾಕಿದ್ರೆ ಅಯ್ಯೋ ಪಾಪ ಅಂತಾರೆ. ನನಗೆ ಪಾಪ ಬೇಡ, ಹೌದು ಅನ್ನಬೇಕು” ಅಂದರು.

ತೊಂದರೆ ಬಂದದ್ದು ಚಿತ್ರಗಳಿಗೆ. ವಿಮಾನದ ಚಿತ್ರಕ್ಕೆ ಬ್ಲಾಕು, ಅಂದರೆ ಲೋಹದ ಅಚ್ಚು, ಮಾಡಿಸಬೇಕಾದರೆ ಬೆಂಗಳೂರಿಗೆ ಹೋಗಬೇಕು, ಅಲ್ಲೂ ಲೋಹವಿಲ್ಲವೆಂದರು. ನಮ್ಮ ಪುಟ್ಟ ಪ್ರೆಸ್ಸಿನಲ್ಲಿ ಇದ್ದದ್ದು ಕಳಶ, ಬಾಳೆಕಂಬ, ಪಂಚಾಂಗದ ಮೀಸೆ ಸೂರ್ಯ, ಒಂದು ಡಜನ್ ಗಿಣಿ, ನಾಲ್ಕಾರು ನವಿಲು. ಟೀಚರಮ್ಮ ಖಾನೆಯನ್ನು ಇಣುಕಿ ನೋಡಿ, “ಗಿಣೀನೇ ಹಾಕಿ. ಗಿಣಿಗೂ ರೆಕ್ಕೆ ಇದೆ” ಅಂದರು.

“ಬೇಡಿ ಟೀಚರಮ್ಮ, ಜನ ನಗ್ತಾರೆ” ಅಂದೆ. ಚಿಂತೆಯ ವಿಷಯದಲ್ಲಿ ನನ್ನ ಲೆಕ್ಕ ತಪ್ಪುವುದಿಲ್ಲ.

“ಈಗ ಅಳ್ತಿದ್ದಾರಾ? ಹಾಕ್ರೀ.”

ಹೀಗೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಒಂದು ಯುದ್ಧಶಾಸ್ತ್ರ ನಮ್ಮ ಪ್ರೆಸ್ಸಿನಲ್ಲಿ ತಯಾರಾಯಿತು. ನಮ್ಮವರು ಗಿಣಿಗಳು, ಶತ್ರುಗಳು ನವಿಲುಗಳು. ಮೀಸೆ ಸೂರ್ಯನ ಕಡೆಯಿಂದ ನವಿಲೊಂದು ಎರಗುತ್ತಿದೆ. ಮೂರು ಗಿಣಿ ಒತ್ತಾಗಿ ಹಾರಿ ಕೆಡುವುದು ಒಂದು ಪುಟ. ಕೈಬೆರಳುಗಳ ಹಾಗೆ ಅಗಲಕ್ಕೆ ಹರಡಿಕೊಂಡು ನಾಲ್ಕು ಗಿಣಿ ಒಬ್ಬರನ್ನೊಬ್ಬರು ಕಾಯುವುದು ಇನ್ನೊಂದು ಪುಟ. ಹಿಂದಿನ ಕಾವಲಿನ ಚಿತ್ರ ಜೋಡಿಸುವಾಗ ಟೀಚರಮ್ಮ ಸಾಲಿನ ಕೊನೆಯ ಗಿಣಿಯನ್ನು ಕೈಗೆತ್ತಿಕೊಂಡರು. ನನ್ನ ಚಾಕು ಕೇಳಿದರು. ಸೀಸ ಮೆತ್ತಗಿರುತ್ತದೆ. ರೆಕ್ಕೆಯ ಮೇಲೆ ಒಂದು ಕಚ್ಚು ಹಾಕಿದರು.

“ಎಲ್ಲಾ ಒಂದೇ ಥರ ಇದ್ವು. ಅವನ್ಯಾರು ಅಂತ ನನಗಾದ್ರೂ ತಿಳೀಬೇಕು.”

ಸಮಿತಿಯ ಸಭೆ ಛತ್ರದಲ್ಲಿ. ಟೀಚರಮ್ಮ ಪುಸ್ತಕದ ಒಂದೊಂದು ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟರು. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಸಾಹುಕಾರರು ಪುಟ ತೆರೆದರು. ಮೀಸೆ ಸೂರ್ಯ. ಪಕ್ಕದ ವಕೀಲರ ಕಡೆ ತಿರುಗಿಸಿ, “ಇದೇನ್ ಸ್ವಾಮಿ, ಮುಹೂರ್ತ ಯಾವಾಗ?” ಅಂದರು. ಅಷ್ಟೇ ಸಾಕಾಯಿತು. ಛತ್ರವೇ ಕಿತ್ತುಹೋಗುವ ಹಾಗೆ ನಗು. ಒಬ್ಬ ನವಿಲನ್ನು ತೋರಿಸಿ “ಇದು ಬೀಗರ ಕಡೆಯವ್ರಾ?” ಅಂದ. ಎಲ್ಲರೂ ಪುಸ್ತಕದ ಮೇಲೆ ಬಗ್ಗಿ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ಹುಡುಗನಿಗೆ ಉಳಿದಿದ್ದ ಒಂದೇ ಒಂದು ವಕಾಲತ್ತು ಅವರ ಕೈಯಲ್ಲಿತ್ತು. ಒಬ್ಬನಾದರೂ ಗಿಣಿಯ ಕೆಳಗಿನ ಅಕ್ಷರ ಓದಲಿಲ್ಲ.

ನಗು ಇಳಿಯುವ ಹೊತ್ತಿಗೆ ಸಾಹುಕಾರರ ಬೆನ್ನ ಹಿಂದಿನಿಂದ ದನಿ ಬಂತು.

“ಸಾಹುಕಾರ್ರೇ, ನಿಮ್ಮ ಕೊಡೆ ಎಲ್ಲಿ?”

ಕುರ್ಚಿಯ ಹಿಂದೆ ನೇತುಹಾಕಿದ್ದ ಬೆಳ್ಳಿ ಹಿಡಿಯ ಕೊಡೆ ಅಲ್ಲಿರಲಿಲ್ಲ. ಟೀಚರಮ್ಮನವರ ಕೈಯಲ್ಲಿತ್ತು. ಅವರು ಎದ್ದು ಹಿಂದಕ್ಕೆ ಹೋದದ್ದನ್ನು ಅಷ್ಟು ಜನದಲ್ಲಿ ಯಾರೂ ಕಂಡಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ.

“ಇಷ್ಟು ಜನ ಇದ್ರಿ, ಎಲ್ರೂ ಮುಂದೇನೇ ನೋಡ್ತಿದ್ರಿ. ಹಿಂದೆ ನೋಡೋಕೆ ಒಬ್ಬನ್ನ ಇಟ್ಕೊಂಡಿದ್ರೆ ಕೊಡೆ ಹೋಗ್ತಿರ್ಲಿಲ್ಲ. ನನ್ನ ತಮ್ಮ ಇದ್ದಿದ್ದು ಆ ಜಾಗದಲ್ಲಿ. ಅವ್ನು ಹಿಂದೆ ಉಳೀಲಿಲ್ಲ, ಹಿಂದೆ ನಿಂತ. ಅವ್ನು ನಿಂತಿದ್ದಕ್ಕೇ ಮೂರು ತಾಯಂದಿರ ಮಕ್ಕಳು ಮನೆಗೆ ಬಂದ್ರು.”

ಹಿಂದಿನ ಕಂಬದ ಹತ್ತಿರ ನಿಂತಿದ್ದ ಒಬ್ಬ ಮುದುಕ ನೇಕಾರ, “ಲಾಳಿ ಕಣಪ್ಪ... ಸರಿಯಾಗೇ ಹೇಳಿದ್ರು” ಅಂದ. ನನಗೆ ಎಲ್ಲಿಂದ ಧೈರ್ಯ ಬಂತೋ, ನಾನೂ ಎದ್ದು ನಿಂತು ಪುಸ್ತಕದ ಪರವಾಗಿ ಮಾತಾಡಹೊರಟೆ. ಗಂಟಲಿನಿಂದ ಕೀರಲಾಗಿ ಹೊರಟದ್ದು “ಗಿಣಿ ನಮ್ಮವು!” ಎಂಬ ಎರಡೇ ಮಾತು. ಮತ್ತೆ ನಕ್ಕರು. ನಗಲಿ ಬಿಡಿ. ಆ ಸಭೆಯಲ್ಲಿ ಅಷ್ಟು ಸತ್ಯವನ್ನಾದರೂ ಹೇಳಿದವರು ಬೇರೆ ಯಾರಿದ್ದರು?

ಸಾಹುಕಾರರು ನಗಲಿಲ್ಲ. ಮುಖ ಕಪ್ಪಿಟ್ಟಿತ್ತು. “ಕದ್ದ ಕೊಡೆ ಹೆಂಗಸಿನ ಕೈಯಲ್ಲಿರೋದನ್ನ ಸಭೆ ನೋಡಿದೆ. ಇಂಥವ್ರ ಕೈಯಲ್ಲಿ ನಮ್ಮ ಹೆಣ್ಮಕ್ಳು ಪಾಠ ಕಲೀಬೇಕಾ?” ಎಂದಷ್ಟೇ ಹೇಳಿ ಎದ್ದರು. ಟೀಚರಮ್ಮ ಕೊಡೆಯನ್ನು ಕುರ್ಚಿಗೆ ನೇತುಹಾಕಿ, ಪುಸ್ತಕಗಳನ್ನು ಒಂದೊಂದಾಗಿ ಅವರವರ ಕೈಯಿಂದ ವಾಪಸು ತೆಗೆದುಕೊಂಡು ಹೊರಟರು.

ಊರು ನೆನಪಿಟ್ಟುಕೊಂಡದ್ದು ಏನನ್ನು ಗೊತ್ತೇ? ಕೊಡೆಯನ್ನು. ಮೂರು ವಿಮಾನಗಳ ಬೆನ್ನು ಕಾದ ಹುಡುಗನನ್ನಲ್ಲ, ಕೊಡೆಯನ್ನು! “ಕೊಡೆ ಕದ್ದ ಟೀಚರಮ್ಮ” ಎಂದು ಇವತ್ತಿಗೂ ಹೇಳುವವರಿದ್ದಾರೆ. ಯಾರೋ ಅರ್ಜಿ ಬರೆದರು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ದಿನ ಪ್ರೆಸ್ಸಿಗೆ ಬಂದು, ನಾನು ಜೋಡಿಸುತ್ತಿದ್ದ ಪುಟವನ್ನು ಹಿಂದೆ ನಿಂತು ನೋಡಿ, ಒಂದು ತಪ್ಪು ತೋರಿಸಿ, “ಬರ್ತೀನಿ ಪ್ರೆಸ್ಸಿನವ್ರೇ. ಆ ಗಿಣೀನ ಮುಂದೆ ಹಾಕ್ಬೇಡಿ, ಅದರ ಜಾಗ ಹಿಂದೆ” ಅಂದರು.

ಕಲ್ಲು ನಿಂತಿತು. ಈಗಲೂ ಇದೆ, ನೋಡಬೇಕಾದರೆ ನೋಡಬಹುದು. ಸಮಿತಿಯ ಅಧ್ಯಕ್ಷರ ಹೆಸರು ಮೇಲೆ, ದಪ್ಪ ಅಕ್ಷರದಲ್ಲಿ. ಸತ್ತವರು ಕೆಳಗೆ, ಸಣ್ಣ ಅಕ್ಷರದಲ್ಲಿ. ಮೂವತ್ತು ವರ್ಷ ಅಕ್ಷರ ಜೋಡಿಸಿದ ಕೈ ನನ್ನದು, ಯಾವುದನ್ನು ದಪ್ಪಗೆ ಹಾಕಬೇಕು, ಯಾವುದನ್ನು ಸಣ್ಣಗೆ ಹಾಕಬೇಕು ಎಂಬ ವಿವೇಕವಾದರೂ ನನಗಿದೆ. ಆ ಹುಡುಗನ ಹೆಸರು ಸಣ್ಣ ಅಕ್ಷರದಲ್ಲೂ ಇಲ್ಲ.

ನಾನು ಮಾಡಿದ್ದು ಇಷ್ಟೇ. ಅಂದಿನಿಂದ ಯಾರು ಗಿಣಿ ಸಾಲು ಕೇಳಿದರೂ ಆ ಕಚ್ಚಿನ ಗಿಣಿಯನ್ನು ಸಾಲಿನ ಕೊನೆಗೆ, ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಓರೆಯಾಗಿ ಕೂರಿಸಿದೆ. ಬಾಶೆಟ್ಟಿಹಳ್ಳಿಯಿಂದ ದೇವನಹಳ್ಳಿಯವರೆಗೆ ಎಷ್ಟು ಮನೆಗಳ ಲಗ್ನಪತ್ರಿಕೆಯಲ್ಲಿ ಅವನು ಹಾರಿದ್ದಾನೋ. ಸಾಹುಕಾರರ ಮನೆಯ ಮದುವೆಗಳಲ್ಲೂ. ಯಾರೂ ಕೇಳಲಿಲ್ಲ. ಗೊತ್ತಾದರೆ ಏನು ಗತಿಯೆಂದು ಪ್ರತಿ ಸಲವೂ ನನಗೆ ಬೆವರು.

ಹೋದ ವಾರ ಮೊದಲ ಸಲ ಒಬ್ಬರು ಕೇಳಿದರು, ಅದೂ ಆ ಮನೆಯವರೇ. ತೆಗೆದುಬಿಡಿ ಅಂದರು.

“ಅದು ತೆಗೆಯೋಕಾಗಲ್ಲ ಸ್ವಾಮಿ” ಅಂದೆ.

“ಒಂದು ಮುಕ್ಕಾದ ಗಿಣಿಗೆ ಇಷ್ಟೊಂದಾ? ಏನಿದೆ ಅದ್ರಲ್ಲಿ?”

ಹೇಳಿದೆ. ತಂತಿ, ಹೋಟೆಲು, ಛತ್ರ, ಕೊಡೆ, ಎಲ್ಲವನ್ನೂ. ಅವರಪ್ಪನ ಮಾತನ್ನೂ ಬಿಡಲಿಲ್ಲ. ದನಿ ಈ ಸಲವೂ ಕೀರಲಾಗೇ ಇತ್ತು, ಆದರೆ ನಿಲ್ಲಲಿಲ್ಲ. ಅವರು ಕೇಳಿಸಿಕೊಂಡರು. ಕೊನೆಗೆ, “ಓ, ಆ ಕೊಡೆ ಕದ್ದ ಟೀಚರಮ್ಮನಾ...” ಎಂದು ನಕ್ಕು, ಪತ್ರಿಕೆಗೆಂದು ಬರೆದು ತಂದಿದ್ದ ಹಸ್ತಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ರಸ್ತೆ ದಾಟಿ ಎದುರಿನ ಹೊಸ ಪ್ರೆಸ್ಸಿಗೆ ಹೋದರು.

ಟೀಚರಮ್ಮ ತೀರಿಹೋಗಿಯೇ ಎಷ್ಟೋ ವರ್ಷವಾಯಿತಂತೆ. ವರ್ಗವಾದ ಊರಿನಲ್ಲೇ, ಯಾವುದೋ ಜ್ವರ. ನನಗೆ ತಿಳಿದದ್ದು ಬಹಳ ತಡವಾಗಿ, ಯಾರದೋ ಬಾಯಿಂದ. ಪುಸ್ತಕದ ಪ್ರತಿಗಳು ಎಲ್ಲಿ ಹೋದವೋ. ನಾನಿಟ್ಟುಕೊಂಡಿದ್ದ ಒಂದಕ್ಕೆ ಗೆದ್ದಲು ಹಿಡಿಯಿತು.

ಹೊಸ ಪ್ರೆಸ್ಸಿನವನು ಹಾಕಿಕೊಟ್ಟ ಸಾಹುಕಾರರ ಮೊಮ್ಮಗಳ ಪತ್ರಿಕೆ ನಿನ್ನೆ ನಮ್ಮ ಮನೆಗೂ ಬಂತು. ಬಣ್ಣ ಚೆನ್ನಾಗಿದೆ. ಗಿಣಿಗಳೆಲ್ಲ ನೆಟ್ಟಗೆ, ಒತ್ತೊತ್ತಾಗಿ, ಮುಂದಕ್ಕೇ ನೋಡಿಕೊಂಡು ಹೋಗುತ್ತಿವೆ. ಪ್ರೆಸ್ಸಿಗೆ ತಂದು ಓದುತ್ತಾ ಬಂದರೆ ವರನ ಜಾಗದಲ್ಲಿ ವರನ ಅಪ್ಪನ ಹೆಸರು.

ನಗಬೇಕೆನಿಸಿತು. ತಿರುಗಿ, ಬೆನ್ನ ಹಿಂದೆ ನಿಂತವರಿಗೆ ತೋರಿಸೋಣವೆಂದು ಪತ್ರಿಕೆಯನ್ನು ಎತ್ತಿ ಹಿಡಿದೆ... ಹಿಂದೆ ಗೋಡೆಯಿತ್ತು, ಸೀಮೆಎಣ್ಣೆಯ ಡಬ್ಬಿಯಿತ್ತು.